ಹೆಣದ ಮನೆಯ ಬಿಳಿ ತೊಟ್ಟಿ

ಬೇಸಿಗೆಯಲ್ಲಿ ನಮ್ಮ ಸೀಮೆಯೊಳಗೆ ಮುಟ್ಟಿದರೆ ತಣ್ಣಗಿರುವ ವಸ್ತುಗಳು ಬಹಳ ಕಡಿಮೆ. ಬಸ್ಸಿನ ಕಿಟಕಿಯ ಸರಳು ಸುಡುತ್ತದೆ, ಬಾಗಿಲ ಚಿಲಕ ಸುಡುತ್ತದೆ, ಕೊಡದಲ್ಲಿಟ್ಟ ನೀರು ಕೂಡ ಮಧ್ಯಾಹ್ನದ ಹೊತ್ತಿಗೆ ಬೆಚ್ಚಗಾಗಿ ಬಾಯಿಗೆ ರುಚಿಸುವುದಿಲ್ಲ. ಅಂಥದೊಂದು ಮಧ್ಯಾಹ್ನ ದೇವದುರ್ಗದ ಬಸ್ ನಿಲ್ದಾಣದ ಹತ್ತಿರದ ಸಣ್ಣ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಕೈ ತೊಳೆಯಲು ಹಿಂದಕ್ಕೆ ಹೋದೆ. ನಾನು ರಾಯಚೂರಿನ ಒಂದು ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುವವಳು; ಹುಡುಗಿಯರನ್ನು ಹಳ್ಳಿಯ ಕೆಲಸಕ್ಕೆ ಬಿಟ್ಟು ವಾಪಸು ಹೊರಟಿದ್ದೆ. ಹಿತ್ತಲ ಗೋಡೆಗೆ ಆನಿಸಿ, ಇಟ್ಟಿಗೆಯ ಕಟ್ಟೆಯ ಮೇಲೆ ಒಂದು ದೊಡ್ಡ ಬಿಳಿ ಪಿಂಗಾಣಿ ತೊಟ್ಟಿಯನ್ನು ಕೂರಿಸಿದ್ದರು. ಈಗಿನ ಮನೆಗಳಲ್ಲಿರುವಂಥ ಬೋಗುಣಿಯಷ್ಟಗಲದ ಬೇಸಿನ್ ಅಲ್ಲ. ಆಳವಾದದ್ದು, ಉದ್ದನೆಯದು, ದಪ್ಪ ಅಂಚಿನದು. ಆ ಅಂಚಿನ ಮೇಲೆ ಕೈಯಿಟ್ಟೆ. ತಣ್ಣಗಿತ್ತು. ನಲವತ್ತಕ್ಕೂ ಹೆಚ್ಚು ಬೇಸಿಗೆಗಳ ಹಿಂದೆ ನನ್ನ ಕೆನ್ನೆಗೆ ಗೊತ್ತಿದ್ದ ತಂಪು ಅದು. ತಳ ನೋಡಿದೆ. ಕೂದಲೆಳೆಯಂಥ ಎರಡು ಬಿರುಕುಗಳು ಬೇರೆ ಬೇರೆ ಮೂಲೆಯಿಂದ ಹೊರಟು, ನಡುವೆ ಒಂದಷ್ಟು ಬಿಳಿಯ ಬಯಲು ಬಿಟ್ಟು, ನೀರು ಹೋಗುವ ತೂತಿನ ಹತ್ತಿರ ಕೂಡುತ್ತಿದ್ದವು. ಶಾಲೆಯ ಗೋಡೆಯ ಭೂಪಟ ನೋಡಿಕೊಂಡು ಬಂದ ದಿನದಿಂದ ನಾನು ಮೇಲಿನದನ್ನು ಕೃಷ್ಣೆ ಎಂದೂ ಕೆಳಗಿನದನ್ನು ತುಂಗಭದ್ರೆ ಎಂದೂ ಕರೆಯುತ್ತಿದ್ದೆ. ನಡುವಿನ ಬಿಳಿ ಜಾಗವೇ ನಮ್ಮ ಜಿಲ್ಲೆ.

"ಇದನ್ನ ಎಲ್ಲಿಂದ ತಂದೀರಿ?" ಎಂದು ಹೋಟೆಲಿನವನನ್ನು ಕೇಳಿದೆ. ಅವನು ಬಾಣಲೆಯಿಂದ ಕಣ್ಣು ತೆಗೆಯದೆ ಹೇಳಿದ: "ಮಾನ್ವಿ ಕಡಿ ಹಳೇ ಸಾಮಾನ್ರಿ ಮೇಡಂ. ಯಾವುದೋ ಬಂಗ್ಲೇದು ಅಂದ್ರು. ಭಾಳ ಗಟ್ಟಿ ಅದ. ಈಗಿನ ಮಾಲು ಹಿಂಗ ಬರಂಗಿಲ್ಲ ಬಿಡ್ರಿ." ಬಂಗಲೆಯದಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಹಿಂದೆ ಎಣ್ಣೆಗೈ ಹಿಡಿದುಕೊಂಡು ನಿಂತಿದ್ದ ಹಿರಿಯರೊಬ್ಬರು, "ಆತೇನ್ರಿ ಅಕ್ಕಾರ?" ಎಂದರು. ಸರಿದು ನಿಂತೆ. ಅವರು ಕೈ ತೊಳೆದು, ಬಾಯಿ ಮುಕ್ಕಳಿಸಿ, ತುಂಗಭದ್ರೆಯ ಮೇಲೆ ಉಗುಳಿ, ಪಂಚೆಗೆ ಕೈ ಒರೆಸಿಕೊಂಡು ಹೋದರು. ಅವರದೇನೂ ತಪ್ಪಿಲ್ಲ, ಕೈ ತೊಳೆಯಲೆಂದೇ ಇಟ್ಟ ತೊಟ್ಟಿ. ಆದರೂ ನಾನು ಹೇಳಿಟ್ಟಿದ್ದ ಚಹಾ ಕುಡಿಯದೆ ಹೊರಗೆ ಬಂದೆ. ಬಸ್ಸಿನಲ್ಲಿ ರಾಯಚೂರು ಬರುವ ತನಕ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಸೀಟು ಬದಲಿಸಿದೆ, ಎದ್ದು ನಿಂತೆ, ಮತ್ತೆ ಕುಳಿತೆ. ಮನೆಗೆ ಬಂದವಳು ತೊಳೆದಿಟ್ಟ ಪಾತ್ರೆಗಳನ್ನೇ ತೆಗೆದು ಮತ್ತೆ ತೊಳೆದೆ. ತಾವು ಹುಟ್ಟಿ ಬೆಳೆದ ಮನೆಯ ಬಾಗಿಲನ್ನೋ ತೊಲೆಯನ್ನೋ ಯಾರದೋ ಅಂಗಡಿಯ ಮುಂದೆ ಕಂಡವರಿಗೆ ಈ ತಳಮಳ ಗೊತ್ತಿರುತ್ತದೆ. ನಿಮಗೂ ಗೊತ್ತಿರಬಹುದು.

ಆ ತೊಟ್ಟಿ ಮಾನ್ವಿಯ ಒಂದು ಹಳೆಯ ದವಾಖಾನೆಯ ಹೆಣದ ಮನೆಯದು. ಈಗ ಆ ದವಾಖಾನೆಯೂ ಇಲ್ಲ, ಅದರ ಹಿಂದಿನ ಗೋಡೆಗೆ ಆತುಕೊಂಡಿದ್ದ ಒಂದೇ ಕೋಣೆಯ ನಮ್ಮ ಮನೆಯೂ ಇಲ್ಲ. ನನ್ನ ಅಪ್ಪ ಮಾರೆಪ್ಪ ಅಲ್ಲಿ ಕಸ ಗುಡಿಸುವುದರಿಂದ ಹಿಡಿದು ಹೆಣ ತೊಳೆಯುವವರೆಗಿನ ಕೆಲಸ ಮಾಡುತ್ತಿದ್ದ. ನಿಜಾಮರ ಕಾಲದಲ್ಲಿ ಕಟ್ಟಿದ್ದು ಎನ್ನುತ್ತಿದ್ದ ಆ ಕಟ್ಟಡದಲ್ಲಿ ಎತ್ತರದ ಮಾಡು, ದಪ್ಪ ಗೋಡೆ, ಮತ್ತು ಊರಿನ ಬೇರೆ ಯಾರ ಮನೆಯಲ್ಲೂ ಕಾಣದ ಸಾಮಾನುಗಳಿದ್ದವು. ಆಪರೇಷನ್ ಕೋಣೆಯಲ್ಲಿ ಡಾಕ್ಟರು ಮೊಣಕೈಯಿಂದ ನೂಕಿ ನೀರು ಬಿಟ್ಟುಕೊಳ್ಳುವ ಉದ್ದ ಹಿಡಿಕೆಯ ನಳ. ಡಾಕ್ಟರ ಪಾಯಖಾನೆಯಲ್ಲಿ ಮಾಡಿನ ಹತ್ತಿರ ಕೂರಿಸಿದ ಕಬ್ಬಿಣದ ನೀರಿನ ಡಬ್ಬಿ, ಅದರಿಂದ ಇಳಿಬಿದ್ದ ಸರಪಳಿ, ಸರಪಳಿಯ ತುದಿಗೆ ಪಿಂಗಾಣಿಯ ಗುಂಡು. ಅಪ್ಪ ತೊಳೆದು ಮುಗಿಸಿದ ಮೇಲೆ ಆ ಸರಪಳಿ ಎಳೆಯುವ ಹಕ್ಕು ನನ್ನದಾಗಿತ್ತು. ಎಳೆದರೆ ಮೇಲೆ ಗುಡುಗಿದಂತಾಗಿ ನೀರು ಧಡಧಡ ಇಳಿಯುತ್ತಿತ್ತು; ನಾನು ನಕ್ಕು ಓಡುತ್ತಿದ್ದೆ. ಬಟ್ಟಲಂಥ ಬಿಳಿಯ ಬೆಡ್‌ಪ್ಯಾನುಗಳು, ನೀಲಿ ಅಂಚಿನ ತಗಡಿನ ತಟ್ಟೆಗಳು, ಬಿಸಿಲಿಗೆ ಬೋರಲು ಹಾಕಿ ಒಣಗಿಸಿದ ಬೋಗುಣಿಗಳು, ಇವೇ ನನ್ನ ಬಾಲ್ಯದ ಪಾತ್ರೆ ಪಡಗ. ನಮ್ಮ ಮನೆಯೊಳಗಿನ ಮಣ್ಣಿನ ಗಡಿಗೆ, ಸಿಲಾವರದ ತಾಟು ನನಗೆ ಅಷ್ಟು ನೆನಪಿಲ್ಲ.

ಹೆಣದ ಮನೆ ಬೇವಿನ ಮರದ ಆಚೆಗೆ, ಒಂಟಿಯಾಗಿತ್ತು. ನಡುವೆ ಇಳಿಜಾರಾಗಿ ಕೂರಿಸಿದ ಕರಿಕಲ್ಲಿನ ಹಾಸು, ಅದರ ಸುತ್ತ ಸಣ್ಣ ಕಾಲುವೆ, ಗೋಡೆಗೆ ಆ ಬಿಳಿ ತೊಟ್ಟಿ, ಮೇಲೆ ಹಿತ್ತಾಳೆಯ ನಳ. ಕಲ್ಲಿನ ಮೇಲೆ ಯಾರೂ ಇಲ್ಲದ ದಿನಗಳೇ ಹೆಚ್ಚು. ಅಂಥ ದಿನ ಅಪ್ಪ ಬೂದಿ, ಹುಣಸೆಹಣ್ಣು ತೆಗೆದುಕೊಂಡು ಹೋಗಿ ನಳವನ್ನು ತಿಕ್ಕುತ್ತಿದ್ದ, ತೊಟ್ಟಿಯನ್ನು ಬೆಳ್ಳಗಾಗಿಸುತ್ತಿದ್ದ. ನಾನು ಬಿಸಿಲಿನಿಂದ ಓಡಿ ಬಂದು ತೊಟ್ಟಿಯ ಅಂಚಿಗೆ ಕೆನ್ನೆ ಹಚ್ಚಿ ನಿಲ್ಲುತ್ತಿದ್ದೆ. ನನಗೆ ಅಲ್ಲಿ ಹೆದರಿಕೆ ಇರಲಿಲ್ಲ. ಇದ್ದದ್ದು ಅಪ್ಪನಿಗೆ, ಹೆದರಿಕೆ ಎನ್ನುವುದಕ್ಕಿಂತ ಒಂದು ನಿಲ್ಲಲಾರದ ಚಡಪಡಿಕೆ. ಕಾಲುವೆಯಲ್ಲಿ ಮುಳುಗಿದವರು, ಹೊಲದಲ್ಲಿ ಹಾವು ಕಡಿದವರು, ರಸ್ತೆಯಲ್ಲಿ ಲಾರಿಗೆ ಸಿಕ್ಕವರು ಬಂದ ದಿನ ಅವನು ಕೆಲಸ ಮುಗಿಸಿ, ಮೈ ತೊಳೆದುಕೊಂಡು, ಊಟಕ್ಕೆ ಕೂಡದೆ ಪೋತ್ನಾಳದ ರಸ್ತೆ ಹಿಡಿದು ನಡೆದುಬಿಡುತ್ತಿದ್ದ. ಎರಡೂ ಕಡೆ ಭತ್ತದ ಗದ್ದೆ, ಮೇಲೆ ಕೊಕ್ಕರೆ. ಎಲ್ಲಿಯವರೆಗೆ ಹೋಗುತ್ತಿದ್ದನೋ ಗೊತ್ತಿಲ್ಲ. ಹೊತ್ತು ಮುಳುಗುವ ಮೊದಲು ಕಾಲು ಧೂಳು ಮಾಡಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. "ಬರ್ರಿ ಕುಂದರ್ರಿ, ರೊಟ್ಟಿ ಆರಾಕತ್ತಾವ" ಎನ್ನುತ್ತಿದ್ದಳು ಅವ್ವ. ಎಲ್ಲಿಗೆ ಹೋಗಿದ್ದಿರಿ ಎಂದು ಅವಳು ಕೇಳಿದ್ದನ್ನು ನಾನು ಕೇಳಿಲ್ಲ.

ಅವ್ವ ಹುಲಿಗೆಮ್ಮ ಪೋತ್ನಾಳದವಳು, ಭತ್ತ ನಾಟಿ ಮಾಡಿ ಬೆಳೆದವಳು. ಅವಳಿಗೆ ಒಂದೇ ಆಸೆ ಇತ್ತು, ಹೆರಿಗೆ ವಾರ್ಡಿನಲ್ಲಿ ಆಯಾ ಆಗಬೇಕು ಎಂಬುದು. ಕೂಸುಗಳೆಂದರೆ ಜೀವ. ನಮ್ಮ ಓಣಿಯ ಕೂಸುಗಳಿಗೆಲ್ಲ ಅವಳೇ ನೀರು ಎರೆಯುವವಳು; ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ತೀಡಿ, ಮೂಗು ನೀವಿ, ಹಣೆ ಒತ್ತಿ ಎರೆದರೆ ಆ ಕೂಸು ಸಂಜೆತನಕ ಮಲಗುತ್ತಿತ್ತು. ದವಾಖಾನೆಯಲ್ಲಿ ಅವಳಿಗೆ ಸಿಕ್ಕದ್ದು ಮಾತ್ರ ಬಚ್ಚಲು, ಪಾಯಖಾನೆ ತೊಳೆಯುವ ಕೂಲಿ ಕೆಲಸ. ಹೆರಿಗೆ ವಾರ್ಡಿನ ಸಿಸ್ಟರಮ್ಮ ತೆಲುಗು ಸೀಮೆಯಿಂದ ಬಂದವರು, ಒಳ್ಳೆಯವರು. ಒಂದೆರಡು ಸಲ ಅವ್ವನನ್ನು ಒಳಗೆ ಕರೆದರು. ಬಾಣಂತಿಯರ ಮನೆಯವರು ಎದ್ದು ನಿಂತರು. "ಹೆಣದ ಮನಿ ಮಾರೆಪ್ಪನ ಹೇಣ್ತಿ ಅಲ್ಲೇನು ಆಕಿ? ಹಸಿ ಕೂಸು ಅದ, ಮುಟ್ಟಸಬ್ಯಾಡ್ರಿ" ಎಂದರು. ಜಾತಿಯ ಮಾತನ್ನು ಅವರು ಬಾಯಿಬಿಟ್ಟು ಆಡಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ. ಹೆಣದ ಮನೆ ಎಂದರೆ ಎಲ್ಲವೂ ಅದರೊಳಗೇ ಬಂತು. ಅವ್ವ ಪೊರಕೆ ತೆಗೆದುಕೊಂಡು ಹೊರಗೆ ಬಂದಳು.

ನಾನು ಮೂರನೆಯ ಈಯತ್ತೆಯಲ್ಲಿದ್ದಾಗ ನನಗೊಬ್ಬಳು ತಂಗಿ ಹುಟ್ಟಿದಳು. ಗೌತಮಿ ಎಂದು ಹೆಸರಿಟ್ಟರು. ಅವಳ ಅಂಗೈಯ ವಾಸನೆ ಈಗಲೂ ನನಗೆ ಆಗೊಮ್ಮೆ ಈಗೊಮ್ಮೆ ಬರುತ್ತದೆ. ಹಾಲು, ಹರಳೆಣ್ಣೆ, ಹೊಗೆ ಕೂಡಿದ ವಾಸನೆ. ಬೋರಲು ಬೀಳುವುದನ್ನು ಕಲಿತು ಅಂಬೆಗಾಲಿಡುವ ಮುನ್ನ, ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಡಾಕ್ಟರು ತಮ್ಮ ಕೈಲಾದದ್ದೆಲ್ಲ ಮಾಡಿದರು. ಒಂದು ಬೆಳಿಗ್ಗೆ ಅವ್ವನ ಮಡಿಲಲ್ಲೇ ಉಸಿರು ನಿಂತಿತು. ಮಣ್ಣು ಮಾಡುವ ಮೊದಲು ತೊಳೆಯಬೇಕಲ್ಲ. ನಮ್ಮ ಮನೆಗೆ ಬಚ್ಚಲಿರಲಿಲ್ಲ, ತಟ್ಟಿಯ ಮರೆಯಷ್ಟೇ. ಪೋತ್ನಾಳದಿಂದ ಬಂದ ಸೋದರಮಾವ, "ಅಂಗಳದಾಗ ತೊಳ್ಯೋಣು ಭಾವ" ಎಂದ. ಅಪ್ಪ ತಲೆಯಾಡಿಸಿದ. "ಗುರುತು ಇಲ್ಲದ ಮಂದೀನೆಲ್ಲ ಅಲ್ಲಿ ತೊಳ್ದೀನಿ. ನನ್ನ ಮಗಳ್ನ ಯಾಕ ಬ್ಯಾರೆ ಕಡಿ ತೊಳೀಲಿ?" ಎಂದ. ಅಂಗಳದ ಮೂರು ಕಲ್ಲಿನ ಮೇಲೆ ನೀರು ಕಾಯಿಸಿದ. ಆ ತೊಟ್ಟಿಗೆ ಸುರಿದು, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿದ. ಸತ್ತ ಕೂಸಿಗೆ ಬಿಸಿನೀರು ಯಾಕೆಂದು ಯಾರೂ ಕೇಳಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಆ ತೊಟ್ಟಿಯಲ್ಲಿ ಸರಿಯಾಗಿ ಹಿಡಿಸಿದಳು. ಅಪ್ಪ ಒಂದು ಕೈಯಿಂದ ತಲೆಯನ್ನು ಎತ್ತಿ ಹಿಡಿದು, ಕಿವಿಗೆ ನೀರು ಹೋಗದ ಹಾಗೆ, ಇನ್ನೊಂದು ಕೈಯಿಂದ ನೀರು ಹಾಕಿದ. ಅವ್ವ ಒಳಗೆ ಬರಲಿಲ್ಲ. ಬೇವಿನ ಮರಕ್ಕೆ ಒರಗಿ, ನಳದ ಸದ್ದು ನಿಲ್ಲುವ ತನಕ ಅಲ್ಲೇ ಇದ್ದಳು. ಆ ದಿನ ಅಪ್ಪ ನಡೆಯಲು ಹೋಗಲಿಲ್ಲ; ಅಂಗಳದಲ್ಲೇ ಆ ತುದಿಯಿಂದ ಈ ತುದಿಗೆ ನಡೆದ.

ಅದರ ಮುಂದಿನ ಬೇಸಿಗೆ ಕಾಲುವೆ ನಿಂತು, ಕೆರೆ ತಳ ಕಂಡು, ಊರಿಗೆಲ್ಲ ನೀರಿನ ತ್ರಾಸ ಆಯಿತು. ದವಾಖಾನೆಯ ನಳಗಳು ಒಂದೊಂದಾಗಿ ಗೊರಗೊರ ಎಂದು ಗಾಳಿ ಉಗುಳಿ ಸುಮ್ಮನಾದವು. ಡಾಕ್ಟರ ಪಾಯಖಾನೆಯ ಸರಪಳಿ ಎಳೆದರೆ ಬರೀ ಕಬ್ಬಿಣದ ಸದ್ದು. ನೀರು ಬರುತ್ತಿದ್ದದ್ದು ಹೆಣದ ಮನೆಯ ಹಿತ್ತಾಳೆ ನಳ ಒಂದರಲ್ಲೇ. ಅದಕ್ಕೆ ಊರ ನೀರಿನ ಸಂಬಂಧವಿರಲಿಲ್ಲ. ಹೆಣದ ಮನೆಯ ಹಿಂದೊಂದು ಹಳೆಯ ಭಾವಿ ಇತ್ತು, ಅದರ ನೀರು ಪಂಪಿನಿಂದ ಮಾಡಿನ ಮೇಲಿನ ಟಾಕಿಗೆ ಏರಿ ಹೆಣದ ಮನೆಗೆ ಮಾತ್ರ ಇಳಿಯುತ್ತಿತ್ತು. ಸಿಹಿನೀರು. ನಮ್ಮ ಮನೆಯವರು ಅದನ್ನೇ ಕುಡಿದು ಬದುಕಿದವರು. ಊರಿನ ಹೆಂಗಸರು ಖಾಲಿ ಕೊಡ ಹಿಡಿದು ದವಾಖಾನೆಯ ಗೋಡೆಯ ಹೊರಗಿನಿಂದ ಆ ನಳದ ಸದ್ದು ಕೇಳಿಸಿಕೊಂಡು ಹೋಗುತ್ತಿದ್ದರು. ಒಳಗೆ ಯಾರೂ ಬರಲಿಲ್ಲ.

ಆಗ ಒಂದು ಮಧ್ಯಾಹ್ನ ಅಕ್ಕಿ ಗಿರಣಿಯವರ ಮನೆಯ ಸೊಸೆ ಶಾಂತಮ್ಮನನ್ನು ಹೆರಿಗೆಗೆ ಕರೆತಂದರು. ರಾಯಚೂರಿಗೆ ಒಯ್ಯುವಷ್ಟು ಹೊತ್ತಿರಲಿಲ್ಲ. ಜೊತೆಗೆ ಅತ್ತೆ ಗೌರಮ್ಮ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕಾಯಿ, ಊರಲ್ಲಿ ಅವರ ಮಾತಿಗೆ ಎದುರಿಲ್ಲ. ಮನೆಯಿಂದ ತಂದ ಒಂದು ಕೊಡ ನೀರು ಆಗಲೇ ಮುಗಿದಿತ್ತು. ಇನ್ನೊಂದು ತರಲು ಆಳು ಹೋದವನು ಬಂದಿರಲಿಲ್ಲ. ಸಿಸ್ಟರಮ್ಮ ಹೊರಗೆ ಬಂದು ಅವ್ವನಿಗೆ, "ಹುಲಿಗೆಮ್ಮಾ, ನಿಮ್ಮ ನಳದ್ದು ಎರಡು ಬಕೆಟ್ ಕಾಯಿಸಿ ತಾಮ್ಮಾ, ಬೇಗ" ಎಂದರು. ಅವ್ವ ಓಡಿದಳು. ನಾನು ಒಲೆಗೆ ಪುಳ್ಳೆ ಒಟ್ಟಿದೆ. ಕುದಿಸಿದ ನೀರನ್ನು ಅವ್ವ ಹೊತ್ತುಕೊಂಡು ವಾರ್ಡಿನ ಬಾಗಿಲಿಗೆ ಬಂದಾಗ ಗೌರಮ್ಮ ಎದ್ದು ಅಡ್ಡ ನಿಂತರು.

"ಎಲ್ಲೀವು ನೀರು?"

ಅವ್ವ ಸುಳ್ಳು ಹೇಳಲಿಲ್ಲ. "ಹೆಣದ ಮನಿ ನಳದ್ದು ರೀ."

"ಹೆಣಾ ತೊಳ್ಯೋ ನೀರ್ಲೆ ನನ್ನ ಮೊಮ್ಮಗೂನ ತೊಳೀತಿಯೇನು?"

ಒಳಗೆ ಶಾಂತಮ್ಮ ನರಳುತ್ತಿದ್ದಳು. ಬಕೆಟ್ಟಿನ ಹಿಡಿಕೆ ಅವ್ವನ ಕೈ ಸುಡುತ್ತಿತ್ತು, ಅವಳು ಕೆಳಗಿಡಲಿಲ್ಲ. ಬಾಗಿಲ ಹಿಂದಿನಿಂದ ಸಿಸ್ಟರಮ್ಮ, "ನೀರಿಲ್ದೆ ನಾನು ಕೈ ಹಚ್ಚಲ್ಲಮ್ಮಾ, ನೀವೇ ನೋಡ್ಕೊಳ್ಳಿ" ಎಂದು ಕೂಗಿದರು. ಅವ್ವ ಗೌರಮ್ಮನ ಮುಖ ನೋಡಿದಳು. ಅವಳು ದೊಡ್ಡವರ ಮುಖ ನೇರ ನೋಡಿದ್ದನ್ನು ನಾನು ಅದೇ ಮೊದಲ ಸಲ ಕಂಡೆ.

"ಯವ್ವಾರ, ನನ್ನ ಕೂಸು ಹ್ವಾದಾಗ ಆಕೀನೂ ಇವ ನೀರ್ಲೆ ತೊಳ್ದಾರ್ರಿ ಆಕಿ ಅಪ್ಪ" ಎಂದಳು. ದನಿ ಏರಲಿಲ್ಲ. "ನಾವೂ ಇವನ್ನ ಕುಡೀತೀವಿ. ನೀರು ಕೆಟ್ಟವಲ್ರೀ."

ಗೌರಮ್ಮ ಬಾಗಿಲ ಚೌಕಟ್ಟಿನಿಂದ ಕೈ ತೆಗೆದು, ಬೆಂಚಿಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ, ಸೆರಗು ಎಳೆದುಕೊಂಡು ಕುಳಿತರು. ಒಪ್ಪಿಗೆ ಎಂದರೆ ಅಷ್ಟೇ ಎಂದು ತಿಳಿದು ಅವ್ವ ಒಳಗೆ ಹೋದಳು. ಬಾಗಿಲು ಮುಚ್ಚಿತು. ನಾನು ಖಾಲಿ ಬಕೆಟ್ ಒಯ್ದು ತುಂಬಿದ್ದನ್ನು ತಂದೆ. ಕೂಸಿನ ಅಳು ಬಹಳ ತಡವಾಗಿ ಕೇಳಿಸಿತು, ಅದೂ ಬೆಕ್ಕಿನ ಮರಿಯಂತೆ ಸಣ್ಣಗೆ, ಆಮೇಲೆ ಜೋರಾಯಿತು. ಹೆಣ್ಣು. ಉಸಿರು ಹಿಡಿದಿತ್ತಂತೆ, ಸಿಸ್ಟರಮ್ಮ ಬಾಣಂತಿಯನ್ನು ನೋಡಿಕೊಳ್ಳುವಾಗ ಅವ್ವನೇ ಅದರ ಬೆನ್ನು ತಿಕ್ಕಿ, ಬಾಯಿ ಒರೆಸಿ, ಅಂಗಾಲು ತಟ್ಟಿದಳಂತೆ. ಹೊರಗೆ ಬಂದಾಗ ಅವಳ ಕುಪ್ಪಸವೆಲ್ಲ ತೊಯ್ದಿತ್ತು. ಬೇವಿನ ಮರದ ಬುಡದಲ್ಲಿ ಕೂತು, ಕೂತಲ್ಲೇ ಎದ್ದು, ಮತ್ತೆ ಕೂತು, ಕೊನೆಗೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಗೌತಮಿ ಹೋದಾಗ ಅವಳು ನಮ್ಮ ಎದುರು ಅತ್ತಿರಲಿಲ್ಲ. ಅಪ್ಪ ದೂರದಲ್ಲಿ ನಿಂತು ನೋಡಿದ. ಹತ್ತಿರ ಬಂದು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

ಮಾರನೆಯ ದಿನ ಬಾಣಂತಿ ಶಾಂತಮ್ಮ ಅವ್ವನಿಗೆ ಹೇಳಿ ಕಳಿಸಿದಳು: "ನಾವು ಮನಿಗಿ ಹೋಗೋತನ ಕೂಸಿಗೆ ನೀವ ಎರೀರಿ." ಗೌರಮ್ಮ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅಷ್ಟರಿಂದ ಅವ್ವನ ಬದುಕು ತಿರುಗಿತು. ಗಿರಣಿಯವರ ಮನೆಯ ಕೂಸಿಗೆ ಎರೆದವಳು ಎಂದ ಮೇಲೆ ಉಳಿದ ಮಂಚದವರು ಬೇಡವೆನ್ನುವುದು ಹೇಗೆ? ಒಬ್ಬರ ಹಿಂದೊಬ್ಬರು ಕರೆದರು. ಮಳೆಗಾಲದ ಹೊತ್ತಿಗೆ ಅವಳು ಹೆರಿಗೆ ವಾರ್ಡಿನ ಆಯಾ. ಆ ಬೇಸಿಗೆ ಮುಗಿಯುವ ತನಕ ಹೆಣದ ಮನೆಯ ನಳಕ್ಕೂ ಜನ ಬಂದರು. ಬೇವಿನ ಮರದ ತನಕ ಬಂದು ಕೊಡ ಇಟ್ಟು ದೂರ ಸರಿಯುತ್ತಿದ್ದರು, ಅಪ್ಪ ತುಂಬಿಸಿ ಇಡುತ್ತಿದ್ದ. ಕಾಲುವೆಗೆ ನೀರು ಬಿಟ್ಟ ದಿನವೇ ಕೊಡಗಳು ಕಾಣೆಯಾದವು. ಸಂತೆಯಲ್ಲಿ ಎದುರಾದರೆ ಕೆಲವರು ಗುರುತು ಹಿಡಿಯಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. "ನೀರಡಿಕಿ ಆದಾಗ ಬಂದ್ರಲ್ಲ, ಸಾಕು ಬಿಡು" ಎನ್ನುತ್ತಿದ್ದಳು ಅವ್ವ.

ಆಮೇಲಿನದು ಎಲ್ಲರ ಮನೆಯ ಕತೆಯಂತೆ ಚದುರಿತು. ಅಪ್ಪನಿಗೆ ದೇವದುರ್ಗಕ್ಕೆ ವರ್ಗವಾಗಿ, ಅವನು ವಾರಕ್ಕೊಮ್ಮೆ ಕೆಂಪು ಬಸ್ಸಿನಲ್ಲಿ ಬರುವ ನೆಂಟನಾದ. ನಾನು ನರ್ಸಿಂಗ್ ಓದಲು ರಾಯಚೂರಿಗೆ ಬಂದೆ. ಊರ ಹೊರಗೆ ಹೊಸ ದವಾಖಾನೆ ಎದ್ದಿತು. ಹಳೆಯದಕ್ಕೆ ಬೀಗ ಬಿತ್ತು, ನಮ್ಮ ಕೋಣೆಗೂ. ಸಿಸ್ಟರಮ್ಮ ತಮ್ಮ ಸೀಮೆಗೆ ಹೋದವರು ಮತ್ತೆ ಕಾಣಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ಅಲ್ಲಿಗೆ ಹೋಗಿದ್ದೆ. ಬಾಗಿಲುಗಳನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಮೊಣಕೈ ನಳದ ಜಾಗದಲ್ಲಿ ಗೋಡೆಯಲ್ಲೊಂದು ತೂತು, ನೀರಿನ ಡಬ್ಬಿಯೊಳಗೆ ಪಾರಿವಾಳದ ಗೂಡು. ಹೆಣದ ಮನೆಯ ತೊಟ್ಟಿ ಇನ್ನೂ ಗೋಡೆಯಲ್ಲೇ ಇತ್ತು, ಒಣ ಬೇವಿನ ಎಲೆ ತುಂಬಿಕೊಂಡು. ಎಲೆ ತೆಗೆದು ಹಾಕಿ, ಸೆರಗಿನಿಂದ ತಳ ಒರೆಸಿ ಬಂದೆ. ಮುಂದಿನ ಸಲ ಆ ರಸ್ತೆಯಲ್ಲಿ ಹೋದಾಗ ಕಟ್ಟಡವಿರಲಿಲ್ಲ. ನೆಲ ಸಾಪಾಗಿತ್ತು, ಬೇವಿನ ಮರವನ್ನೂ ಕಡಿದಿದ್ದರು. ಎಷ್ಟು ಕೂಸುಗಳು ಅಲ್ಲಿ ಮೊದಲ ನೀರು ಕಂಡವು, ಎಷ್ಟು ಮಂದಿ ಕೊನೆಯ ನೀರು ಕಂಡರು. ಆ ನೆಲದ ಮೇಲೆ ನಿಂತವರಿಗೆ ಅದೊಂದೂ ತಿಳಿಯುವ ಹಾಗಿರಲಿಲ್ಲ.

ಕೆಲಸ ಬಿಟ್ಟ ಮೇಲೆ ಅವ್ವ, ಅಪ್ಪ ಇಬ್ಬರೂ ರಾಯಚೂರಿಗೆ ನನ್ನ ಹತ್ತಿರ ಬಂದರು. ಕೆಲವು ವರ್ಷ ಚೆನ್ನಾಗಿಯೇ ಹೋದವು. ಅಪ್ಪ ಸಂಜೆಯ ನಡಿಗೆ ಬಿಡಲಿಲ್ಲ, ಯಾಪಲದಿನ್ನಿಯ ರಸ್ತೆಯೋ ಇನ್ನೊಂದೋ, ಕಾಲು ಹೋದ ಕಡೆ. ಅವ್ವ ಮಾತ್ರ ನಿಧಾನವಾಗಿ ಹೆಸರುಗಳನ್ನು ಮರೆತಳು. ಮೊದಲು ನೆರೆಯವರದು, ಆಮೇಲೆ ನನ್ನದು. ಹೋದ ವರ್ಷ ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ಆ ದಿನಗಳಲ್ಲಿ ಅವಳ ಕೈಗಳಿಗೆ ಪುರುಸೊತ್ತಿರಲಿಲ್ಲ. ಗಾಳಿಯಲ್ಲಿ ಏನನ್ನೋ ತೀಡುತ್ತಿದ್ದವು, ನೀವುತ್ತಿದ್ದವು. ನಾನು ಹಿಡಿದರೆ ಬಿಡಿಸಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ತಾನಾಗಿಯೇ ಎದ್ದು ಕುಳಿತು, ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ಮುಂದಕ್ಕೆ ಚಾಚಿದಳು. "ಕೂಸು ತಾರ್ರಿ, ಹೊತ್ತಾತು" ಎಂದಳು. ನಾನು ಅವಳ ಔಷಧಿಯ ಡಬ್ಬಿ ಹುಡುಕಿದೆ, ಕಿಟಕಿ ತೆರೆದೆ, ಮುಚ್ಚಿದೆ. ಮೂಲೆಯಲ್ಲಿದ್ದ ಅಪ್ಪ ಎದ್ದ. ತನ್ನ ದುಪ್ಪಟಿಯನ್ನು ಸುತ್ತಿ ಸಣ್ಣ ಗಂಟಿನಂತೆ ಮಾಡಿ, ಒಂದು ಕೈ ಕೆಳಗೆ ಕೊಟ್ಟು ಎತ್ತಿ ತಂದು, ಅವಳ ಕಾಲ ಮೇಲಿಟ್ಟ. ಪಕ್ಕದಲ್ಲೇ ಕುಳಿತ.

ಅವ್ವ ಎರೆದಳು. ಕೈ ಕಾಲು ನೀವಿದಳು, ಬೆನ್ನು ತಟ್ಟಿದಳು, ಮೂಗು ಇರಬೇಕಾದ ಕಡೆ ಎರಡು ಬೆರಳಿನಿಂದ ಮೆತ್ತಗೆ ಎಳೆದಳು. ಯಾವ ಕೂಸು ಎಂದು ನಾನು ಕೇಳಲಿಲ್ಲ. ಅವಳ ಕೈಯಲ್ಲಿ ಹಾದುಹೋದವು ಎಷ್ಟೋ. ಬಹಳ ಹೊತ್ತಿನ ಮೇಲೆ ಅವಳ ಕೈಗಳು ನಿಂತವು. ಮುಖ ಹಗುರಾಗಿತ್ತು.

"ಭಾಳ ಶಾಣ್ಯಾ ಅದ" ಎಂದಳು ಅಪ್ಪನ ಕಡೆ ತಿರುಗಿ. "ಒಂದ ಸಲನೂ ಅಳಲಿಲ್ಲ ನೋಡ್ರಿ."

ಅಪ್ಪ "ಹೂಂ" ಎಂದ. ಅವಳು ಮಲಗಿದ ಮೇಲೂ ಅವನು ಆ ದುಪ್ಪಟಿಯನ್ನು ಬಿಡಿಸಲಿಲ್ಲ. ಗಂಟನ್ನು ಹೆಗಲಿಗೆ ಒರಗಿಸಿಕೊಂಡು, ಅಂಗೈಯನ್ನು ಅದರ ಮೇಲಿಟ್ಟುಕೊಂಡು, ಬಿಸಿಲು ಅಂಗಳ ದಾಟಿ ಹೋಗುವ ತನಕ ಹಾಗೇ ಕುಳಿತಿದ್ದ.